ಅಳಿವೆಯಲ್ಲಿ ಆಳ ಕಡಿಮೆ

ಮಡಗಾವಿನ ಹೋಟೆಲೊಂದು ಬಾಗಿಲು ಹಾಕಿದಾಗ
ಆ ಪಿನ್‌ಬಾಲ್ ಮಷೀನು ಮೀನಿನ ಲಾರಿಯಲ್ಲಿ
ಐಸಿನ ಪೆಟ್ಟಿಗೆಗಳ ನಡುವೆ ಕಾಳಿ ಸೇತುವೆ ದಾಟಿ
ಕೋಡಿಬಾಗದ ನಮ್ಮ ಸೋಡಾ ಅಂಗಡಿಗೆ ಬಂತು.
ಒಂದು ಕಾಲು ಗಿಡ್ಡ. ಅಪ್ಪ ಅದರಡಿಗೆ
ಹಳೆಯ ಪಂಚಾಂಗ ಮಡಚಿ ಇಟ್ಟ.
ನಿಯಮದ ಚೀಟಿ ಇರಬೇಕಾದ ಜಾಗದಲ್ಲಿ
ಅಂಟಿನ ಕಲೆ, ಒಂದು ಸತ್ತ ಇರುವೆ.

ನಿಯಮ ಗೊತ್ತಿಲ್ಲದ ಆಟಕ್ಕೆ
ಇಬ್ಬರು ಪಂಡಿತರು ಹುಟ್ಟಿಕೊಂಡರು.

ಕೈತಾನ್, ಕೋರ್ಟಿನ ಕಟ್ಟೆಯ ಬಾಂಡ್ ರೈಟರ್,
ಇನ್ನೂರು ಪುಟದ ನೋಟ್‌ಬುಕ್ಕು ಪಕ್ಕದಲ್ಲಿಟ್ಟೇ ಆಡುವವ.
"ಎಡಗಡೆಯ ಮೂರು ಹಲಗೆ ಬಿದ್ದರೆ ಕೆಂಪು ದೀಪ.
ಕೆಂಪು ಉರಿಯುವಾಗ ಏರುದಾರಿ ಹತ್ತಿದರೆ ಗುಂಡು ಕೈದು.
ಎರಡು ಕೈದಾದ ಮೇಲೆ ಮೂರನೆಯದು ಬಂದು
ಜಾಮೀನು ಕೊಟ್ಟಂತೆ ಎಲ್ಲವನ್ನೂ ಬಿಡಿಸುತ್ತದೆ.
ಆದರೆ, ಕೇಳು, ಆಗ ಗುಬುಟಿಗೆ ಬಡಿದ ಲೆಕ್ಕ
ಸಮಸಂಖ್ಯೆ ಇದ್ದರೆ ಮಾತ್ರ ದುಪ್ಪಟ್ಟು."
ಕಲಮು, ಉಪಕಲಮು, ತಕ್ಕದ್ದು, ತಕ್ಕದ್ದಲ್ಲ.

ಪುಂಡಲೀಕ ತಾಂಡೇಲ, ಬೈತಖೋಲದ ಟ್ರಾಲರಿನವ,
ಬೋಟು ಬಂದಾಗುವ ಎರಡು ತಿಂಗಳು ನಮ್ಮಲ್ಲೇ ಠಿಕಾಣಿ.
"ಗುಂಡು ಕೆಳಗೆ ಬೀಳಬಾರದು. ಮುಗೀತು ನಿನ್ನ ಕಾನೂನು.
ಉಳಿದದ್ದೆಲ್ಲ ದೀಪದ ಜಂಬ, ಮಾರಾಯ."

"ಅಷ್ಟೇ ಆದರೆ ಆಟಕ್ಕೆ ಆಳ ಎಲ್ಲಿ?
ಆಳ ಇಲ್ಲದ್ದು ಮಕ್ಕಳಿಗೂ ಸುಲಭ."

"ಆಳ ಇದ್ದರೇ ಕಷ್ಟ ಅಂತ ಯಾರು ಹೇಳಿದ್ದು ನಿನಗೆ?
ಇಪ್ಪತ್ತು ಮಾರು ನೀರಲ್ಲಿ ಚುಕ್ಕಾಣಿ ಹುಡುಗನಿಗೆ ಕೊಟ್ಟು
ನಾನು ನಿದ್ದೆ ಮಾಡುತ್ತೇನೆ. ಅಳಿವೆಯ ಬಾಯಲ್ಲಿ
ಇಳಿತದ ಹೊತ್ತಿಗೆ ಎದೆಮಟ್ಟ ನೀರು,
ಮರಳ ದಿಣ್ಣೆ ದಿನಾ ಜಾಗ ಬದಲಿಸುತ್ತೆ.
ನಮ್ಮಪ್ಪನ ದೋಣಿ ಒಡೆದದ್ದು ಅಲ್ಲಿ."

ಕೈತಾನ್ ಸ್ವಲ್ಪ ಹೊತ್ತು ಬಿರಿಂಡಾ ಸೋಡಾ ಕುಡಿದ.
ಆಮೇಲೆ, "ದಿಣ್ಣೆ ಜಾಗ ಬದಲಿಸುವುದಕ್ಕೂ
ಒಂದು ನಿಯಮ ಇರಲೇಬೇಕಲ್ಲ," ಅಂದ.

ಗಲ್ಲಾದಲ್ಲಿ ಚಿಲ್ಲರೆ ಕೊಡುವ ಹುಡುಗಿ ನಾನು, ಏಳನೇ ಕ್ಲಾಸು.
ಬೆಳಗಿನ ಹೊತ್ತು, ಸ್ಟೂಲು ಹತ್ತಿ, ಪುಕ್ಕಟೆ ಆಡುತ್ತಿದ್ದೆ.
ನನಗೆ ಗೊತ್ತಿದ್ದದ್ದು ಇಷ್ಟು: ಎರಡು ಸಲ ಸೊಂಟದಿಂದ ನೂಕಬಹುದು,
ಮೂರನೆಯ ಸಲಕ್ಕೆ ಅದು ಮುನಿಸಿಕೊಂಡು ಕಣ್ಣು ಮುಚ್ಚುತ್ತದೆ,
ರೆಕ್ಕೆಗಳು ಸೋಲುತ್ತವೆ, ಗುಂಡು ತನ್ನ ಪಾಡಿಗೆ ತಾನು
ಗಟಾರಕ್ಕೆ ಹೋಗುವುದನ್ನು ನಿಂತು ನೋಡಬೇಕು.

ಜಗಳ ಎಲ್ಲಿಂದ ಹೊರಟರೂ ಬಂದು ನಿಲ್ಲುತ್ತಿದ್ದದ್ದು
ಮೇಲ್ಮೂಲೆಯ ಹಳದಿ ದೀಪದ ಹತ್ತಿರ.
ಅದು ಹೊತ್ತಿದ್ದನ್ನು ಇಬ್ಬರೂ ಕಂಡವರಲ್ಲ.
ಹನ್ನೊಂದನೆಯ ಹಂತ, ಅಂದ ಕೈತಾನ್. ಅದಕ್ಕಾಗಿ
ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಖಾಲಿ ಬಿಟ್ಟಿದ್ದ.
ಬರೀ ಅಲಂಕಾರ, ಅಂದ ಪುಂಡಲೀಕ. ಆದರೂ
ಯಾರೂ ನೋಡದಾಗ ಅದರ ಕಡೆಗೇ ಗುರಿ ಇಡುತ್ತಿದ್ದ.

ಹಳದಿ ಹೊತ್ತಿದರೆ ಒಂದು ಗುಂಡು ಬಿಟ್ಟಿ.
ಮಷೀನು ಬಂದ ಮೊದಲ ವಾರ ಒಬ್ಬ ನೇವಿ ಹುಡುಗ
ಒಂದು ರೂಪಾಯಿಗೆ ಐವತ್ತು ನಿಮಿಷ ಆಡಿ ಹೋದ.
ಅವತ್ತು ರಾತ್ರಿ ಅಪ್ಪ ಗಾಜು ಸರಿಸಿದ,
ನಾನು ಟಾರ್ಚು ಹಿಡಿದೆ.
ವೈರು ಕತ್ತರಿಸಿ ತುದಿಗೆ ಟೇಪು ಸುತ್ತಿದ.
ಹೇಳಬೇಡ ಅನ್ನಲಿಲ್ಲ.
ಒಂದು ಗೋಲಿ ಸೋಡಾ ಒಡೆದು ಕೈಗೆ ಕೊಟ್ಟ.

ಹೆದ್ದಾರಿ ಅಗಲವಾಗಿ ಅಂಗಡಿ ಹೋಯಿತು.
ಗುಜರಿಯವ ತೂಕಕ್ಕೆ ಹಾಕುವ ದಿನ
ಇಬ್ಬರೂ ಬಂದಿದ್ದರು, ಕನ್ನಡಕದೊಂದಿಗೆ, ಕೆಮ್ಮಿನೊಂದಿಗೆ.
ಹೇಳಿಬಿಟ್ಟೆ.

ಪುಂಡಲೀಕ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು:
"ನೋಡಿದ್ಯಾ! ಆಳವಂತೆ! ಸೋಡಾ ಅಂಗಡಿಯ ಜಿಪುಣತನ!"
ಕೈತಾನ್ ನಗಲಿಲ್ಲ. ಚೀಲದಿಂದ ಅದೇ ನೋಟ್‌ಬುಕ್ಕು ತೆಗೆದು
ಖಾಲಿ ಪುಟಗಳಲ್ಲಿ ಮೊದಲನೆಯದಕ್ಕೆ ಬಂದು
ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿ ಕೇಳಿದ:
"ವೈರಿನ ಬಣ್ಣ ಯಾವುದು?"

ನನಗೆ ನೆನಪಿರಲಿಲ್ಲ.
ಹಸಿರು, ಅಂದೆ.