ಕಾಲು ಸುತ್ತು ಹಿಂದೆ

ತಪ್ಪು ನಂದೇ.
ಚೈನು ಕಟಕಟ ಅಂತಿತ್ತು,
ಪಾನಾ ಹಾಕಿ ತಿರುವಿದೆ, ಇನ್ನಷ್ಟು ತಿರುವಿದೆ,
ಆಮೇಲೆ ಒಮ್ಮೆಲೇ ಕೈ ಹಗುರಾಯಿತು.

ಆಗಲೇ ಗೊತ್ತಾಯಿತು.

ಮಂಡಕ್ಕಿ ಭಟ್ಟಿಯ ಹಿಂದಿನ ಓಣಿ, ಹಾಲಪ್ಪನ ಲೇತು.
ಕ್ಯಾರಿಯರಿನ ಮೇಲೆ ನನ್ನ ನಾಲ್ಕು ಚೀಲ,
ಆನೆಯ ಗಾತ್ರ, ಗುಬ್ಬಿಯ ತೂಕ.
ಹರಿಹರದ ಅಂಗಡಿಯವನು ಆಗಲೇ ಎರಡು ಸಲ ಫೋನು ಮಾಡಿದ್ದ.

ಹಾಲಪ್ಪ ಬೈಯಲಿಲ್ಲ. ಬೋಲ್ಟು ಎಳೆದ.
ಅದರ ಹಲ್ಲಿಗೆ ಸುತ್ತಿಕೊಂಡು ಬಂತು
ಕೂದಲೆಳೆಯಂಥ ಲೋಹದ ಸುರುಳಿ:
ಒಳಗಿನ ಥ್ರೆಡ್ಡು, ಬುಡಸಮೇತ.
"ಹೊಸಾದು ಹಾಕ್ಸಿಬಿಡ್ಲಾ?" ಅಂದೆ.
"ರೊಕ್ಕ ಹೆಚ್ಚಾಗೇತೇನು?" ಅಂದ.

ತೂತು ದೊಡ್ಡದಾಯಿತು.
ಟ್ಯಾಪಿಗೆ ಎರಡು ಹನಿ ಎಣ್ಣೆ.
ಅರ್ಧ ಸುತ್ತು ಮುಂದೆ,
ಕಾಲು ಸುತ್ತು ಹಿಂದೆ,
ಪುಡಿ ಉದುರಲಿ,
ಮತ್ತೆ ಅರ್ಧ.
ನೋಡುತ್ತಿದ್ದುದು ಬೀದಿಯ ಕಡೆ;
ತೂತಿನೊಳಗಿದ್ದುದೆಲ್ಲ ಕೈಗೇ ಕಾಣುತ್ತಿತ್ತು.

ದಪ್ಪ ಬೋಲ್ಟು ಕೂತಿತು, ತಕರಾರಿಲ್ಲದೆ.
ಚೈನಿನಡಿ ಬೆರಳಿಟ್ಟು ಎತ್ತಿ ತೋರಿಸಿದ:
"ಇಷ್ಟು ಜೋಲು ಇರ್ಲಿ. ಗುಂಡಿ ಬಂದ್ರೆ
ಎಲ್ಲಿಗೆ ಹೋಗ್ಬೇಕು ಅದು?"

ಎಂಬತ್ತು ರೂಪಾಯಿ.
ಚೀಲದ ಬಾಯಿ ಬಿಚ್ಚಿ ಎರಡು ಸೇರು ಮಂಡಕ್ಕಿ ಸುರಿದೆ,
ಬೇಡ ಅನ್ನಲಿಲ್ಲ.
ಎಣ್ಣೆಗೈಯಲ್ಲೇ ಒಂದು ಮುಕ್ಕು ಬಾಯಿಗೆ ಹಾಕಿಕೊಂಡು
ಮುಂದಿನ ಗಾಡಿಯ ಕಡೆ ಬಗ್ಗಿದ.

ಹೈವೇ ತನಕ ನಾನು
ಚೈನಿನ ಸದ್ದೇ ಕೇಳುತ್ತಾ ಹೋದೆ,
ಸದ್ದು ಇರಲಿಲ್ಲ.