ಏಳನೇ ಕ್ಲಾಸಿಗೆ ತಿಮಿಂಗಿಲ

ಡಿಸೆಂಬರಿನ ಬೆಳಗಿನ ಎಂಟು ಗಂಟೆ. ಹೊಳೆಬಾಗಿಲಿನಲ್ಲಿ
ಆಚೆ ದಡವೇ ಇಲ್ಲ.
ಶರಾವತಿಯ ಹಿನ್ನೀರನ್ನು ಮಂಜು
ಸ್ಲೇಟು ಒರೆಸಿದಂತೆ ಒರೆಸಿಬಿಟ್ಟಿದೆ.
ಲಾಂಚಿನ ಮೇಲೆ ಎರಡು ಬೈಕು, ಒಂದು ಹಾಲಿನ ಜೀಪು,
ಬುಟ್ಟಿಯಲ್ಲಿ ಕಾಲು ಕಟ್ಟಿದ ಹುಂಜ,
ಮತ್ತು ನಾನು. ನನ್ನ ಚೀಲದಲ್ಲಿ
ಸುರುಳಿ ಸುತ್ತಿದ ತಿಮಿಂಗಿಲ.

ರಾತ್ರಿ ಕೂತು ಡ್ರಾಯಿಂಗ್ ಶೀಟಿನ ಮೇಲೆ ಬರೆದದ್ದು.
ಬಾಲ ಹಿಡಿಸದೆ ಇನ್ನೊಂದು ಹಾಳೆ ಅಂಟಿಸಿದ್ದೆ.
ಇವತ್ತಿನ ಪಾಠ: ಸಾವಿರಾರು ಮೈಲಿ
ಅದು ದಾರಿ ತಪ್ಪದೆ ಹೋಗುವುದು ಹೇಗೆ.
ಓದಿಕೊಂಡೇ ಬಂದಿದ್ದೇನೆ. ಆದರೆ ಓದಿದಷ್ಟೂ
ಪುಸ್ತಕಗಳು ದನಿ ತಗ್ಗಿಸುತ್ತವೆ:
ಇರಬಹುದು, ಎನ್ನಲಾಗಿದೆ, ಇನ್ನೂ ಖಚಿತವಿಲ್ಲ.

ಭೂಮಿಯ ಹೊಟ್ಟೆಯಿಂದ ಏಳುವ
ಅಯಸ್ಕಾಂತದ ಗೆರೆಗಳಿರಬಹುದು.
ಸೂರ್ಯ ಇರಬಹುದು, ನಕ್ಷತ್ರ ಇರಬಹುದು.
ತಾಯಿಯ ಪಕ್ಕೆಗೆ ಅಂಟಿಕೊಂಡು ಈಜಿದ
ಮೊದಲ ವರ್ಷದ ನೆನಪಿರಬಹುದು.
ಕಣ್ಣಿಗೆ ಕೆಲಸವಿಲ್ಲದ ಆಳದಲ್ಲಿ
ತನ್ನದೇ ಕೂಗು ಸಮುದ್ರದಡಿಯ ಬೆಟ್ಟಕ್ಕೆ ತಾಗಿ
ತಡವಾಗಿ ಮರಳುವುದನ್ನು
ಕಾದು ಕೇಳುತ್ತಿರಬಹುದು.

ಗುತ್ಯಪ್ಪ ಹಾರ್ನ್ ಒತ್ತಿದ. ಉದ್ದಕ್ಕೆ, ಒಂದು.
ಇಂಜಿನ್ ಆರಿಸಿ, ಬೀಡಿಯನ್ನೂ ಬಾಯಿಂದ ತೆಗೆದು,
ಕತ್ತು ಓರೆ ಮಾಡಿ ನಿಂತ.
ಎಡಗಡೆ ಗುಡ್ಡ ಓಗೊಟ್ಟಿತು.
ಬಲಗಡೆ ಏನೂ ಇಲ್ಲ.
"ಹ್ಞಾ, ಬಯಲಿಗೆ ಬಂದ್ವಿ" ಅಂದ,
ಚಕ್ರವನ್ನು ನಾಲ್ಕು ಬೆರಳು ತಿರುಗಿಸಿದ.

ನೀರೆಲ್ಲ ಒಂದೇ ಥರ ಅಲ್ವಾ,
ಹೇಗೆ ಗೊತ್ತಾಗ್ತದೆ ನಿಮಗೆ?
"ನೀರ್ ನೋಡಿ ಯಾರ್ ಓಡಿಸ್ತಾರೆ ಟೀಚರೆ,
ನೆಲ ನೋಡಿ ಓಡ್ಸೋದು."
ಅವನ ಚಪ್ಪಲಿಯಡಿ, ತಗಡಿನಡಿ,
ಎಂಬತ್ತು ಅಡಿ ನೀರಿನಡಿ
ಅವನಪ್ಪ ಎತ್ತಿನಗಾಡಿ ಹೊಡೆದ ರಸ್ತೆ.
"ಇಲ್ಲಿ ಏರು. ಇಲ್ಲಿ ತಿರುವು. ಮುಂದೊಂದು ಹಲಸಿನಮರ,
ಬೇಸಿಗೇಲಿ ತಲೆ ತಾಗ್ತದೆ, ಬಳಸಿ ಹೋಗ್ಬೇಕು."
ಮುಳುಗಡೆಯಾಗಿ ಎಂಟು ವರ್ಷಕ್ಕೆ ಹುಟ್ಟಿದವನು.
ಆ ಮರದ ಹಣ್ಣು ಅವನು ತಿಂದಿಲ್ಲ.

ಕ್ಲಾಸಿನಲ್ಲಿ ಶೀಟು ಬಿಡಿಸಿ ಹಿಡಿದರೆ
ಬಾಲ ಕಿಟಕಿಯಾಚೆ ಹೋಯಿತು.
ಹದಿನಾಲ್ಕು ಮಕ್ಕಳು. ಸಮುದ್ರ ಕಂಡವರು ಇಬ್ಬರು:
ಒಬ್ಬ ಮುರುಡೇಶ್ವರದಲ್ಲಿ, ಒಬ್ಬಳು ಫೋನಿನಲ್ಲಿ.
ಇರಬಹುದು, ಇರಬಹುದು ಎನ್ನುತ್ತ ಹೋದಂತೆ
ಕೊನೆಯ ಬೆಂಚಿನ ಹಾಲೇಶ ಕೈಯೆತ್ತಿದ:
"ನಿಮಗೆ ಗೊತ್ತಿಲ್ವಾ ಟೀಚರ್?"
ಇಲ್ಲ ಅಂದೆ. ಯಾರಿಗೂ ಪೂರ್ತಿ ಗೊತ್ತಿಲ್ಲ.
ಅವನಿಗೆ ಅದು ಬಹಳ ಹಿಡಿಸಿತು.
ಈ ವರ್ಷ ಮೊದಲ ಸಲ
ಹೇಳಿಸಿಕೊಳ್ಳದೆ ನೋಟ್ಸ್ ಬರೆದುಕೊಂಡ.

ಒಂದು ಸಂಗತಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ:
ನಮ್ಮ ಅರಬ್ಬೀ ಸಮುದ್ರದ
ಗೂನುಬೆನ್ನಿನ ತಿಮಿಂಗಿಲಗಳು ಎಲ್ಲಿಗೂ ಹೋಗುವುದಿಲ್ಲ.
ಬೇರೆ ಕಡಲಿನ ನೆಂಟರೆಲ್ಲ ಹಿಮದ ಕಡೆ ಹೊರಟರೂ
ಇವು ಇಲ್ಲೇ.
ಆಷಾಢದ ಗಾಳಿ ತಳದ ತಣ್ಣೀರನ್ನು ಮೇಲಕ್ಕೆತ್ತುತ್ತದೆ,
ಅನ್ನ ಬಾಗಿಲಿಗೇ ಬರುತ್ತದೆ.
ಅದೇ ಗಾಳಿ ಆಮೇಲೆ ಘಟ್ಟ ಹತ್ತಿ
ನಮ್ಮ ಶಾಲೆಯ ಹೆಂಚು ಹಾರಿಸುತ್ತದೆ.
ಮಕ್ಕಳು ತಲೆಯೆತ್ತಿ ಮಾಡು ನೋಡಿದರು,
ಅಲ್ಲಿ ಏನೋ ಈಜುತ್ತಿದೆ ಎಂಬಂತೆ.

ಸಂಜೆ ಬಿಸಿಲು ಸ್ವಚ್ಛ. ಅರ್ಧ ಕಟ್ಟಿದ ಸೇತುವೆಯ ಕಂಬಗಳು
ನೀರಲ್ಲಿ ಕಾಲಿಟ್ಟು ನಿಂತಿವೆ. ಆಚೆ ದಡದ
ಚಹಾ ಅಂಗಡಿಯ ಹೊಗೆ ಕೂಡ ಕಾಣುತ್ತದೆ.
ಕಾಣುವ ದಾರಿ ಗುತ್ಯಪ್ಪನಿಗೆ ಬೇಜಾರು, ಆಕಳಿಸುತ್ತಾನೆ.
ಹೇಗಾಯ್ತು ನಿಮ್ಮ ಮೀನಿನ ಪಾಠ ಎಂದ.
ಮೀನಲ್ಲ ಅದು ಎಂದೆ, ಕೂಗಿನ ಕಥೆ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಪುಣ್ಯ ಮಾಡಿದ್ದು ಬಿಡಿ. ಅದಕ್ಕೆ ಬ್ಯಾಟರಿ ಖರ್ಚಿಲ್ಲ."

ನಡುನೀರಿಗೆ ಬಂದೆವು.
ಈ ಸಲ ಹೊಳೆ ತುಂಬಿದೆ, ಹಲಸಿನಮರ
ತೀರಾ ಕೆಳಗೆಲ್ಲೋ ಇದೆ.
ಮಾತು ನಿಲ್ಲಿಸದೆ, ನೋಡದೆ,
ಅವನು ಅದನ್ನು ಬಳಸಿಕೊಂಡು ಹೋದ.