ಇಪ್ಪತ್ತರ ಬೆನ್ನು

ಹೊಂಡದ ಸರ್ಕಲ್ಲಿನ ಹತ್ತಿರ, ನನ್ನ ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿ
ಭಾನುವಾರ ಸಂಜೆ ಐದಕ್ಕೆ ರಸಪ್ರಶ್ನೆ.
ಪ್ರವೇಶ ಇಪ್ಪತ್ತು ರೂಪಾಯಿ. ಗೆದ್ದವರಿಗೆ
ಒಂದು ಪ್ಲೇಟು ಖಾರ ಮಂಡಕ್ಕಿ, ಮೂರು ಮಿರ್ಚಿ.
ಸೋತವರಿಗೂ ಅದೇ, ಮಿರ್ಚಿ ಮಾತ್ರ ಒಂದು.

ಪ್ರಶ್ನೆಗಳನ್ನು ಕೆಟ್ಟ ಪ್ರತಿಗಳ ಬೆನ್ನಿಗೆ ಬರೆದಿದ್ದೆ.
ಒಂದು ಮಗ್ಗುಲಲ್ಲಿ ಯಾರದೋ ಪಹಣಿ, ಓರೆಯಾಗಿ ಬಂದದ್ದು;
ಇನ್ನೊಂದರಲ್ಲಿ: ಸೂಪರ್‌ಹೀರೋಗಳು ಚಡ್ಡಿಯನ್ನು
ಪ್ಯಾಂಟಿನ ಮೇಲೇಕೆ ಹಾಕುತ್ತಾರೆ?

ಬಂದವರು ನಾಲ್ವರು.
ಹೆಗಲಿಗೆ ನನ್ನದೇ ಮಶೀನಿನ ಕರಿ ಹೊದಿಕೆ ಗಂಟು ಹಾಕಿ,
ಮೆಟ್ಟಿಲಲ್ಲಿ ಅದನ್ನೇ ತುಳಿದು ಮುಗ್ಗರಿಸಿದ ಕೊಟ್ರೇಶಿ.
ಮಂಡಕ್ಕಿ ಭಟ್ಟಿಯ ಲೆಕ್ಕ ಬರೆಯುವ ಫಿರ್ದೋಸ್.
ಸೇವ್ಯಾನಾಯ್ಕ, ಮತ್ತು ಕೇಳಿದ್ದಕ್ಕೆಲ್ಲ ಬರೀ ನಗುವ ಅವನ ತಮ್ಮ.
ಐದನೆಯವರು ಲೆಕ್ಕಕ್ಕಿಲ್ಲ: ಪಕ್ಕದ ಗರಡಿಯ ಅಂಜಿನಪ್ಪ ಪೈಲ್ವಾನರು,
ಆಧಾರ್ ಪ್ರತಿಗೆ ಬಂದವರು,
ಕರೆಂಟು ಹೋಯಿತೆಂದು ಮೇಲೆ ಬಂದು ಕೂತರು.

ಮೊಬೈಲಿನ ಬೆಳಕು. ಮೊದಲ ಪ್ರಶ್ನೆ.
ಅನಿಮೆಯಲ್ಲಿ ಒಂದು ಸೆಕೆಂಡಿಗೆ ಚಿತ್ರ ಎಷ್ಟು?
ಇಪ್ಪತ್ನಾಲ್ಕು ಎಂದ ಕೊಟ್ರೇಶಿ, ಎದೆ ಮುಂದೆ ಮಾಡಿ.
ಅದು ಪರದೆಗೆ, ಎಂದಳು ಫಿರ್ದೋಸ್.
ಕೈಗೆ ಹೆಚ್ಚಾಗಿ ಹನ್ನೆರಡು,
ಒಂದೊಂದನ್ನೂ ಎರಡೆರಡು ಸಲ ತೋರಿಸುತ್ತಾರೆ,
ದುಡ್ಡು ಸಾಲದಿದ್ದರೆ ಎಂಟೇ.
ಹೇಳುತ್ತಲೇ ಭಟ್ಟಿಯ ಲೆಕ್ಕದ ಪುಸ್ತಕ ತೆಗೆದು
ಹೆಬ್ಬೆರಳಲ್ಲಿ ಮೂಲೆಯನ್ನು ಸರಸರ ಬಿಟ್ಟಳು.
ಚೀಲ, ಚೀಲ, ಬಾಕಿ, ಚೀಲ, ಬಾಕಿ,
ಪಕ್ಕದಲ್ಲಿ ಒಂದು ಕಾಗೆ ಹಾರಿತು.
ಬುಧವಾರದ ಹಾಳೆ ಹರಿದಿತ್ತು,
ಅಲ್ಲಿ ಸ್ವಲ್ಪ ಕುಂಟಿತು.

ನಮ್ಮ ಪಗಡೆ ಹಡಗು ಹತ್ತಿ ಹೋಗಿ, ಕವಡೆ ಕಳೆದುಕೊಂಡು,
ರಟ್ಟಿನ ಡಬ್ಬಿಯಲ್ಲಿ ಕೂತು
ಯಾವ ಹೆಸರಿನಿಂದ ತಿರುಗಿ ಬಂತು?
ಲೂಡೋ, ಎಂದ ಸೇವ್ಯಾನಾಯ್ಕ.
"ನಮ್ಮ ಯಾಡಿ ಈಗ್ಲೂ ಅದನ್ನ ಕವಡೆ ಹಾಕೇ ಆಡ್ತಾಳೆ."
ತಮ್ಮ ನಕ್ಕ.

ಚಡ್ಡಿಯ ಪ್ರಶ್ನೆಗೆ ಗದ್ದಲವೋ ಗದ್ದಲ.
ಅವಸರಕ್ಕೆ, ಎಂದ ಕೊಟ್ರೇಶಿ,
ಲೋಕ ಉಳಿಸೋ ಹೊತ್ತಲ್ಲಿ ಕನ್ನಡಿ ನೋಡ್ತಾರೇನು?
ಮೂಲೆಯಿಂದ ಪೈಲ್ವಾನರು ಕೆಮ್ಮಿದರು.
"ಸರ್ಕಸ್ಸಿನಾಗೆ ಗುಂಡು ಎತ್ತೋರು ಹಂಗೆ ಹಾಕ್ತಿದ್ರು.
ಬಿಗಿ ಉಡುಪು. ಕುಕ್ಕುರುಗಾಲಿನಾಗೆ ಕುಂತ್ರೆ ಹಿಂದೆ ಪರ್ರ್ ಅಂತಿತ್ತು.
ಮ್ಯಾಲೊಂದು ಇದ್ರೆ ಮರ್ಯಾದಿ ಉಳಿತೈತಿ.
ಶಕ್ತಿ ಆಮ್ಯಾಲಿಂದು."
ನನ್ನ ಹಾಳೆಯಲ್ಲೂ ಸರ್ಕಸ್ಸೇ ಇತ್ತು.
ಪರ್ರ್ ಎಂಬುದು ಇರಲಿಲ್ಲ.
ಅದಕ್ಕೆ ಅರ್ಧ ಅಂಕ ಹೆಚ್ಚು ಕೊಟ್ಟೆ.

ಹೀಗೆ ಪ್ರಶ್ನೆ ಉರುಳುತ್ತ ಉರುಳುತ್ತ
ಕೊನೆಗೆ ಫಿರ್ದೋಸೂ ಅವರೂ ಸರಿಸಮ.
ಇಪ್ಪತ್ತು ಮುಖದ ದಾಳ ತೆಗೆದೆ.
ಮೂರು ವರ್ಷದಿಂದ ಇದೇ ಅಟ್ಟದಲ್ಲಿ ಕೂತು
ನಾವು ಐವರು ಗುಹೆ ಇಳಿದದ್ದು, ಸೇತುವೆ ದಾಟಿದ್ದು,
ರಾಕ್ಷಸನ ಜೊತೆ ಬಾಡಿಗೆ ಚೌಕಾಸಿ ಮಾಡಿದ್ದು
ಇದೊಂದನ್ನೇ ನಂಬಿ.
ಇಪ್ಪತ್ತು ಬಿದ್ದರೆ ಬಾಗಿಲು ತಾನಾಗಿ ತೆರೆಯುತ್ತದೆ.
ಒಂದು ಬಿದ್ದರೆ ನಿನ್ನ ಕತ್ತಿ ನಿನ್ನ ಕಾಲಿಗೇ.
ಪೈಲ್ವಾನರು ಕಲ್ಲುಸಕ್ಕರೆ ಎಂದುಕೊಂಡು
ಬಾಯಿಯ ತನಕ ಒಯ್ದಿದ್ದರು. ತಡೆದೆ.

ಫಿರ್ದೋಸ್‌ಗೆ ಹದಿನೇಳು.
ಅವರದು ಚಾಪೆಯುದ್ದಕ್ಕೂ ಹೊರಳಿ, ಚಟ್ನಿಪುಡಿ ಸವರಿಕೊಂಡು
ನಿಂತಿತು. ಒಂದು.
ಕೊಟ್ರೇಶಿ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡ.

"ಕೆಳಗೆ ಎಷ್ಟೈತಿ?"
ಎತ್ತಿ ನೋಡದೆಯೇ ಹೇಳಿದೆ: ಇಪ್ಪತ್ತು.
ಎದುರುಬದುರು ಮುಖ ಕೂಡಿದರೆ ಇಪ್ಪತ್ತೊಂದಾಗಬೇಕು.
(ಅದೇ ನನ್ನ ಕೊನೆಯ ಪ್ರಶ್ನೆಯಾಗಿತ್ತು, ಬಾಯಿಂದ ಜಾರಿತು.)
"ಅಂದ್ರೆ ಇಪ್ಪತ್ತರ ಬೆನ್ನು ಮಣ್ಣಿಗೆ ಹತ್ತೈತಿ.
ಒಂದು ಅದರ ಎದಿ ಮ್ಯಾಲೆ ಕುಂತೈತಿ.
ನಮ್ಮ ಕಣದಾಗೆ ಇದ್ರಲ್ಲಿ ಗೆದ್ದೋರು ಯಾರವ್ವ?"

ಯಾರೂ ಮಾತಾಡಲಿಲ್ಲ.
ಮಿರ್ಚಿ ತಣ್ಣಗಾಗುತ್ತಿತ್ತು.
ಆಗ ತಮ್ಮ, ಮೊದಲ ಸಲ, ನಗದೆ:
"ಹಂಗಾರೆ ಹೋದ ತಿಂಗಳು ಒಂದು ಬಿದ್ದು ಸತ್ತ
ನನ್ನ ಮಂತ್ರವಾದಿ?"

ಕರೆಂಟು ಬಂತು. ಕೆಳಗೆ ಮಶೀನು ಗೊಣಗಿ, ಬಿಸಿಯಾಗಿ,
ಪೈಲ್ವಾನರ ಪ್ರತಿಯನ್ನು ಹೊರಗೆ ನೂಕಿತು:
ಮುಂದಿನದೊಂದು,
ಬೆನ್ನಿನದೊಂದು.